ಭೂಮಿಕಾ ತುಳಿಯದ ಗೆರೆ

ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಬಂದ ಇಬ್ಬರು ಹೆಣ್ಣುಮಕ್ಕಳು ಒಂದು ಭಾನುವಾರ ಮನೆಗೆ ಬಂದಿದ್ದರು. ಇಬ್ಬರೂ ಫಿಸಿಯೋಥೆರಪಿಸ್ಟ್‌ಗಳು, ನನಗಿಂತ ಹೆಚ್ಚು ಓದಿದವರು. ಕಾಫಿ ಕುಡಿಯುತ್ತಾ ಅವರಲ್ಲೊಬ್ಬಳು, "ಸರ್, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆದುಕೊಡಿ" ಎಂದಳು. ಅವರು ಹೋದ ಮೇಲೆ ಯೋಚಿಸಿದೆ. ಪುಸ್ತಕದಲ್ಲಿ ಇಲ್ಲದ್ದು ನನ್ನ ಹತ್ತಿರ ಇರುವುದು ನನ್ನ ತಪ್ಪುಗಳು ಮಾತ್ರ. ಅವನ್ನೇ ಬರೆಯುತ್ತಿದ್ದೇನೆ.

ಕೊನೆಯ ಹದಿನಾರು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಹೆಚ್ಚಿನವರು ಆಟಿಸಂ ಇರುವ ಮಕ್ಕಳು. ಮಗು ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಗೆರೆಯ ಮೇಲೆ ನಡೆಯುತ್ತದೆಯೇ, ಎಸೆದ ಚೆಂಡು ಹಿಡಿಯುತ್ತದೆಯೇ, ಮಣಿ ಪೋಣಿಸುತ್ತದೆಯೇ, ಮೆಟ್ಟಿಲು ಹೇಗೆ ಇಳಿಯುತ್ತದೆ, ಇಷ್ಟನ್ನು ನೋಡಿ ಬರೆಯಬೇಕು. ಚೀಲದಲ್ಲಿ ಚೆಂಡು, ಮಣಿಸರ, ಬಣ್ಣದ ಟೇಪು, ಒಂದು ಸ್ಟಾಪ್‌ವಾಚು. ಎಚ್.ಡಿ. ಕೋಟೆ ಬಸ್ಸಿನಲ್ಲಿ ಒಮ್ಮೆ ಚೀಲ ಜಾರಿ ಚೆಂಡು ಉರುಳಿತು. ಕಂಡಕ್ಟರ್ ಅದನ್ನು ಎತ್ತಿಕೊಟ್ಟು, "ಏನ್ ಕೆಲ್ಸ ಸಾ ನಿಮ್ದು?" ಎಂದ. ಹೇಳಿದೆ. "ಮಕ್ಕಳ ಜೊತೆ ಚೆಂಡಾಡೋಕೂ ಸಂಬ್ಳ ಕೊಡ್ತಾರಾ? ನಂಗೂ ಒಂದ್ ಅರ್ಜಿ ತಂದ್ಕೊಡಿ" ಎಂದು ಮುಂದೆ ಹೋದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಚೆಂಡಾಡುವುದು ಸುಲಭ. ಅದರ ಬಗ್ಗೆ ಬರೆಯುವ ಒಂದು ಸಾಲು ಕಷ್ಟ. ಆ ಸಾಲಿನ ಮೇಲೆ ಮಗು ಶಾಲೆಗೆ ಹೋಗಬೇಕೋ ಮನೆಯಲ್ಲಿ ಕೂರಬೇಕೋ ಎನ್ನುವುದು ನಿರ್ಧಾರವಾಗುತ್ತದೆ.

ಮೊದಲ ಪೆಟ್ಟು ಬಿದ್ದದ್ದು ಹುಣಸೂರಿನಲ್ಲಿ. ಏಳು ವರ್ಷದ ಹುಡುಗನಿಗೆ ಒಂಟಿ ಕಾಲಲ್ಲಿ ನಿಲ್ಲು ಎಂದೆ. ಅವನು ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆಯಲು ಶುರುಮಾಡಿದ. ನಿಲ್ಲಿಸು ಎಂದರೆ ಇನ್ನೂ ಜೋರಾಗಿ ಹೊಡೆದ, ಕಣ್ಣಲ್ಲಿ ನೀರು. ತರಗತಿಯಲ್ಲಿ ಒಂಟಿ ಕಾಲಲ್ಲಿ ನಿಲ್ಲಿಸುವುದು ಶಿಕ್ಷೆ, ಅದಾದ ಮೇಲಿನ ಶಿಕ್ಷೆ ಬಸ್ಕಿ. ಅವನು ನನ್ನ ಪರೀಕ್ಷೆ ಕೊಡುತ್ತಿರಲಿಲ್ಲ, ಮಾಡದ ತಪ್ಪಿಗೆ ದಂಡ ತೆರುತ್ತಿದ್ದ. ಆಮೇಲೆ 'ಕೊಕ್ಕರೆ ಹೇಗೆ ನಿಲ್ಲುತ್ತೆ ತೋರಿಸು' ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಒಂದು ಪಾಠ ಕಲಿತ ಮೇಲೆ ಎಲ್ಲ ಕಲಿತೆ ಎಂದುಕೊಂಡಿದ್ದೆ.

ನಮ್ಮ ಮೇಲಧಿಕಾರಿ ಮೈಸೂರಿನಲ್ಲಿದ್ದ ಒಬ್ಬರು ಡಾಕ್ಟರ್ ಮೇಡಂ. ಕಡಿಮೆ ಮಾತು, ಹೊಗಳಿಕೆ ಇಲ್ಲವೇ ಇಲ್ಲ. ನಮ್ಮ ಪರೀಕ್ಷಾ ಹಾಳೆಯ ನಡುವೆ ಅವರು ಸ್ಕೇಲು ಇಟ್ಟು ಉದ್ದಕ್ಕೆ ಒಂದು ಗೆರೆ ಎಳೆಸಿದ್ದರು. ಎಡಗಡೆ ಕಣ್ಣಿಗೆ ಕಂಡದ್ದು, ಬಲಗಡೆ ಅದರಿಂದ ನಾವು ತಿಳಿದದ್ದು. "ಎಡಗಡೆ ಬರೆಯುವಾಗ ನೀವು ಕ್ಯಾಮೆರಾ. ಬಲಗಡೆ ಬರೆಯುವಾಗ ಮಾತ್ರ ಡಾಕ್ಟ್ರು" ಎನ್ನುತ್ತಿದ್ದರು. ಎಡಗಡೆ ಖಾಲಿ ಇದ್ದರೆ ಹಾಳೆಯನ್ನೇ ವಾಪಸ್ಸು ಕಳಿಸುತ್ತಿದ್ದರು. ಆಗ ಇದು ಅತಿ ಅನ್ನಿಸುತ್ತಿತ್ತು.

ಚುಂಚನಕಟ್ಟೆ ಹತ್ತಿರದ ಒಂದು ಶಾಲೆಯಲ್ಲಿ ಬೇಸಿಗೆ ರಜೆಯ ಶಿಬಿರ. ಅಂದು ಹನ್ನೆರಡು ಮಕ್ಕಳಿದ್ದರು. ಜಗುಲಿಯ ನೆಲದಲ್ಲಿ ದೂಳು, ನನ್ನ ಟೇಪು ಅಂಟುತ್ತಿರಲಿಲ್ಲ. ಜೊತೆಗಿದ್ದವರು ಪುಟ್ಟಸ್ವಾಮಿ ಮೇಷ್ಟ್ರು. ನಾಲ್ಕೂ ತಾಲ್ಲೂಕಿಗೆ ವಿಶೇಷ ಮಕ್ಕಳ ಶಿಕ್ಷಕರು ಅವರು. ನಾನು ಊರೂರು ಸುತ್ತಿದ್ದು ಅವರ ಬೈಕಿನ ಹಿಂದಿನ ಸೀಟಿನಲ್ಲಿ. ಸೀಮೆಸುಣ್ಣ ಹುಡುಕಲು ಅವರು ಹೊರಟಾಗ ಬಿಸಿಯೂಟದ ಅಡುಗೆಯ ಜಯಮ್ಮ, "ತಾಳಿ ಸಾ, ನಾನ್ ಆಕ್ಕೊಡ್ತೀನಿ" ಎಂದು ರಂಗೋಲಿ ಪುಡಿ ತಂದರು. ಎರಡು ಬೆರಳ ನಡುವೆ ಪುಡಿ ಹಿಡಿದು, ಬಗ್ಗಿ ನಡೆಯುತ್ತಲೇ ಹತ್ತಡಿ ಗೆರೆ ಎಳೆದರು. ದಾರ ಹಿಡಿದು ಎಳೆದರೂ ಅಷ್ಟು ನೆಟ್ಟಗೆ ಬರುವುದಿಲ್ಲ. "ಬರೀ ಗೆರೆ ಬುಟ್ರೆ ಬಿಕೋ ಅಂತದೆ" ಎಂದು ಎರಡೂ ತುದಿಗೆ ಒಂದೊಂದು ಪುಟ್ಟ ತಾವರೆ ಬಿಟ್ಟರು. ನನಗೆ ಬಹಳ ಸಂತೋಷವಾಯಿತು. ಟೇಪಿಗಿಂತ ಇದು ಚೆನ್ನ ಎಂದು ಒಂದು ಡಬ್ಬಿ ಪುಡಿಯನ್ನು ಕೇಳಿ ಚೀಲಕ್ಕೆ ಹಾಕಿಕೊಂಡೆ.

ಏಳನೆಯವಳು ಭೂಮಿಕಾ. ಆರು ವರ್ಷ. ಮಾತು ನಾಲ್ಕೈದು ಪದ. ತಾಯಿ ರತ್ನ ಗದ್ದೆ ಕೆಲಸದವರು. ಮಗಳನ್ನು ಜೂನ್‌ನಲ್ಲಿ ಊರಿನ ಶಾಲೆಗೆ ಒಂದನೇ ತರಗತಿಗೆ ಸೇರಿಸಬೇಕೆಂದು ಬಂದಿದ್ದರು. ಶಾಲೆಗೆ ಹೋಗುವ ದಾರಿಯಲ್ಲಿ ಕಾಲುವೆ ದಾಟಬೇಕು. ಮಗು ಬೀಳದೆ ನಡೆಯುತ್ತದೆ ಎಂದು ಬರೆದ ಕಾಗದ ತನ್ನಿ ಎಂದು ಹೆಡ್‌ಮೇಡಂ ಹೇಳಿದ್ದರು. ಆ ಕಾಗದ ನಾನು ಬರೆಯಬೇಕಾದದ್ದು.

ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಗೆರೆಯ ಮೇಲೆ ನಾನೇ ನಡೆದು ತೋರಿಸಿದೆ. ಭೂಮಿಕಾ ನನ್ನ ಕಾಲನ್ನೇ ನೋಡಿದಳು. ಗೆರೆಯ ಹತ್ತಿರ ಬಂದು ನಿಂತಳು, ಕಾಲೆತ್ತಿದಳು, ಹಿಂದಕ್ಕಿಟ್ಟಳು. ಗೆರೆಯ ಪಕ್ಕದಲ್ಲಿ ನಡೆದು ಹೋದಳು. ಮತ್ತೆ ಕರೆದೆ, ಮತ್ತೆ ಪಕ್ಕದಲ್ಲೇ ನಡೆದಳು. ಕೈ ಹಿಡಿದು ಪಾದವನ್ನು ಗೆರೆಯ ಮೇಲೆ ಇಡಿಸಲು ಹೋದೆ. ಅವಳು ಮಂಡಿ ಬಿಟ್ಟು ಕೆಳಗೆ ಕೂತು ಚೀರಿದಳು. ಆ ಅಳು ನಿಲ್ಲಲಿಲ್ಲ. ಒಂಟಿ ಕಾಲು, ಚೆಂಡು, ಮೆಟ್ಟಿಲು ಯಾವುದೂ ಆಗಲಿಲ್ಲ.

ರತ್ನ, "ಅವ್ಳಿಗ್ ನಡಿಯಾಕ್ ಬತ್ತದೆ ಸಾ" ಎಂದರು.

"ಎಲ್ಲಾ ತಾಯಂದಿರೂ ಹಾಗೇ ಹೇಳ್ತಾರಮ್ಮ" ಎಂದು ಬರೆಯುವುದನ್ನು ಮುಂದುವರಿಸಿದೆ. ಎಂಟನೆಯ ಮಗು ಕಾಯುತ್ತಿತ್ತು.

ಹಾಳೆಯ ಬಲಗಡೆ ಬರೆದದ್ದು: 'ಗೆರೆಯ ಮೇಲೆ ನಡೆಯಲಾರಳು. ಸಮತೋಲನ ತೀರಾ ಕಡಿಮೆ.' ಮಾಡಿಸಲಾಗದ ಪರೀಕ್ಷೆಗಳ ಮುಂದೆ ಖಾಲಿ ಬಿಡುವ ಬದಲು ಸೊನ್ನೆ ಹಾಕಿದೆ. ಸೊನ್ನೆ ಹಾಕಿದರೆ ಮೊತ್ತ ಬರುತ್ತದೆ, ಖಾಲಿ ಬಿಟ್ಟರೆ ಬರುವುದಿಲ್ಲ. ಮಗುವಿಗೆ ಆಗದಿರುವುದು ಬೇರೆ, ನನ್ನಿಂದ ಮಾಡಿಸಲಾಗದಿರುವುದು ಬೇರೆ. ಇದನ್ನು ಹೊಸಬರು ಗೋಡೆಗೆ ಬರೆದು ಹಾಕಿಕೊಳ್ಳಬೇಕು. ಆ ಸೊನ್ನೆಗಳ ಬಲದಿಂದ ಭೂಮಿಕಾಳ ಹೆಸರು ಮನೆಯಲ್ಲೇ ಪಾಠ ಹೇಳಿಕೊಡಬೇಕಾದ ಮಕ್ಕಳ ಪಟ್ಟಿಗೆ ಹೋಯಿತು.

ಆ ಪಟ್ಟಿಯ ಮಕ್ಕಳ ಮನೆಗೆ ತಿಂಗಳಿಗೊಮ್ಮೆ ನಾನೇ ಹೋಗಿ ವ್ಯಾಯಾಮ ಹೇಳಿಕೊಡಬೇಕು. ಜೂನ್ ಮೊದಲ ವಾರ ಮೇಷ್ಟ್ರು ಬೈಕು ನಿಲ್ಲಿಸಿದ್ದು ರತ್ನ ಅವರ ಮನೆಯ ಮುಂದೆ. ಬಾಗಿಲಲ್ಲಿ ಭೂಮಿಕಾಳ ಅಜ್ಜಿ ಕೂತಿದ್ದರು. ಒಳಗೆ ಗೋಡೆಯ ಮೊಳೆಯಲ್ಲಿ ಹೊಸ ಶಾಲೆ ಚೀಲ, ಬೆಲೆಯ ಚೀಟಿಯೂ ಕಿತ್ತಿರಲಿಲ್ಲ. ಅದನ್ನೇ ನೋಡುತ್ತಾ ಹೆಜ್ಜೆಯಿಟ್ಟೆ.

"ಅಯ್ಯಯ್ಯೋ! ನೋಡ್ಕಂಡ್ ಬನ್ನಿ ಸ್ವಾಮಿ!" ಅಜ್ಜಿ ಕೂಗಿದರು. "ಒಸ್ಲು ಮುಂದೆ ರಂಗೋಲಿ ಕಾಣಾಕಿಲ್ವಾ? ಮಗೀಗಿರೋ ಗ್ಯಾನ ನಿಮ್ಗಿಲ್ವಲ್ಲ!"

ನನ್ನ ಬೂಟು ರಂಗೋಲಿಯ ನಡುವೆ ಇತ್ತು. ಕಾಲೆತ್ತುವಷ್ಟರಲ್ಲಿ ಭೂಮಿಕಾ ಎಲ್ಲಿಂದಲೋ ಬಂದು ಎರಡೂ ಕೈಯಿಂದ ನನ್ನ ಮಂಡಿಯನ್ನು ತಳ್ಳಿದಳು. ನಾನು ಎರಡು ಹೆಜ್ಜೆ ಹಿಂದಕ್ಕೆ ತಡವರಿಸಿ ಬೈಕಿನ ಹ್ಯಾಂಡಲ್ ಹಿಡಿದುಕೊಂಡೆ.

ಮೇಷ್ಟ್ರು ನಗು ತಡೆಯಲಿಲ್ಲ. "ಸಾರ್, ನಿಮ್ಮ ಸಮತೋಲನಕ್ಕೆ ಎಷ್ಟು ಮಾರ್ಕ್ಸು?"

ನನ್ನ ಬೂಟಿನಿಂದ ಅಳಿಸಿಹೋದ ಜಾಗವನ್ನು ಭೂಮಿಕಾ ಬಗ್ಗಿ ನೋಡಿದಳು. ಆಮೇಲೆ ರಂಗೋಲಿಗೂ ಚರಂಡಿಗೂ ನಡುವೆ ಇದ್ದ ಅಂಚಿನ ಮೇಲೆ ಒಳಗೆ ಹೋದಳು. ಅದರ ಅಗಲ ಒಂದು ಗೇಣು. ಒಂದು ಕಾಲಿನ ಮುಂದೆ ಒಂದು ಕಾಲು. ಪುಡಿಗೆ ಪಾದ ತಾಗಲಿಲ್ಲ, ಚರಂಡಿಗೂ ಜಾರಲಿಲ್ಲ. ಹೊರಗೆ ಬರುವಾಗಲೂ ಹಾಗೆಯೇ ಬಂದಳು. ಶಿಬಿರದಲ್ಲಿ ನಾನು ಕೇಳಿದ್ದು ಇದನ್ನೇ.

ಅಜ್ಜಿ ಇನ್ನೂ ನಿಲ್ಲಿಸಿರಲಿಲ್ಲ. "ಮೂರೊರ್ಸದ್ ಕೂಸಾಗಿದ್ದಾಗ ತುಳ್ದಿದ್ಲು, ಕುಂಡಿಗ್ ಒಂದೇಟ್ ಕೊಟ್ಟೆ. ಅವತ್ತಿಂದ ತುಳ್ದಿಲ್ಲ. ಇನ್ನೊಬ್ರನ್ನೂ ತುಳಿಯಾಕ್ ಬುಡಾಕಿಲ್ಲ. ಅವ್ರಪ್ಪನ್ನೂ ಇಂಗೇ ತಳ್ತಾಳೆ."

ಚೀಲದಿಂದ ಏಪ್ರಿಲ್ ತಿಂಗಳ ಹಾಳೆ ತೆಗೆದೆ. ಎಡಗಡೆ ನನ್ನದೇ ಕೈಬರಹ: 'ಗೆರೆಯ ಬಳಿ ನಿಂತಳು. ಬಲಗಾಲು ಎತ್ತಿ ಹಿಂದಕ್ಕೆ ಇಟ್ಟಳು. ಗೆರೆಯ ಪಕ್ಕದಲ್ಲಿ ಎಂಟು ಹೆಜ್ಜೆ, ಎರಡು ಸಲ. ಎಲ್ಲೂ ಗೆರೆಗೆ ಕಾಲು ತಾಗಿಲ್ಲ. ಏನನ್ನೂ ಹಿಡಿದುಕೊಂಡಿಲ್ಲ.' ಕಂಡದ್ದನ್ನು ಸರಿಯಾಗಿ ಬರೆದಿದ್ದೆ. ಬಲಗಡೆ ಬರೆಯುವಾಗ ಅದನ್ನು ಓದಿರಲಿಲ್ಲ.

ರತ್ನ ಅವರಿಗೆ ಹೇಳಿದೆ, ತಪ್ಪಾಗಿದೆ, ನನ್ನಿಂದಲೇ ಆಗಿದೆ ಎಂದು. ಅವರು ಕೂಗಾಡಲಿಲ್ಲ. "ಅವತ್ತೇ ಯೋಳ್ದೆ ಸಾ. ನೀವು ಬರೀತಿದ್ರಿ" ಎಂದು ಒಳಗೆ ಹೋಗಿ ಎರಡು ಲೋಟ ನೀರು ತಂದಿಟ್ಟರು.

ಅಲ್ಲಿಂದಲೇ ಡಾಕ್ಟರ್ ಮೇಡಂಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಅವರು ಒಂದೇ ಪ್ರಶ್ನೆ ಕೇಳಿದರು: "ಆ ಪುಡಿಯ ಡಬ್ಬಿ ನಿಮ್ಮ ಚೀಲದಲ್ಲಿ ಎಷ್ಟು ದಿನದಿಂದ ಇದೆ?"

ಅಲ್ಲಿಯವರೆಗೆ ಅದು ನನಗೆ ಹೊಳೆದಿರಲಿಲ್ಲ. ಏಪ್ರಿಲ್‌ನಿಂದ ನಾಲ್ಕೂ ತಾಲ್ಲೂಕಿನಲ್ಲಿ ನಾನು ಪುಡಿಯ ಗೆರೆಯನ್ನೇ ಎಳೆಸಿದ್ದೆ.

"ಎಲ್ಲರನ್ನೂ ಮತ್ತೆ ನೋಡಿ. ಹಳೇ ಹಾಳೆ ಹರೀಬೇಡಿ, ತಿದ್ದಬೇಡಿ. ಹೊಸದನ್ನು ಅದರ ಮೇಲೆ ಪಿನ್ ಮಾಡಿ. ಮೊದಲು ಏನು ಬರೆದಿದ್ರಿ ಅನ್ನೋದು ಮುಂದೆ ಬರೋರಿಗೂ ಕಾಣಲಿ" ಎಂದು ಫೋನು ಇಟ್ಟರು.

ಆ ಮಳೆಗಾಲ ಪೂರ್ತಿ ಮೇಷ್ಟ್ರ ಬೈಕು ಹಳೇ ದಾರಿಗಳನ್ನೇ ಮತ್ತೆ ತುಳಿಯಿತು. ಎಲ್ಲ ಮಕ್ಕಳ ವಿಷಯದಲ್ಲೂ ತಪ್ಪಾಗಿತ್ತು ಎಂದರೆ ಸುಳ್ಳಾಗುತ್ತದೆ. ಬೈಲಕುಪ್ಪೆಯ ಅಂಗಡಿಯವರ ಮಗನೊಬ್ಬ ಮೊದಲ ಸಲವೂ ಪುಡಿಯ ಮೇಲೆಯೇ ನಡೆದಿದ್ದ, ಪುಡಿ ಬೆರಳ ಸಂದಿಗೆ ಸಿಗುವುದು ಇಷ್ಟವಾಗಿ ತುದಿಯವರೆಗೂ ಉಜ್ಜಿಕೊಂಡು ಹೋಗಿದ್ದ. ಕೆಲವರಿಗೆ ನಿಜವಾಗಿಯೂ ಕಷ್ಟವಿತ್ತು, ಟೇಪಿನ ಮೇಲೂ ವಾಲಿದರು. ಆದರೆ ರಂಗೋಲಿ ತುಳಿಯಬಾರದು ಎಂದು ನಿಂತ ಮಕ್ಕಳು ಇನ್ನೂ ನಾಲ್ವರು ಸಿಕ್ಕರು. ಅವರ ಹಾಳೆಗಳಿಗೆ ಹೊಸ ಹಾಳೆ ಪಿನ್ ಆಯಿತು.

ಪುಡಿ ಬಿಟ್ಟು ಹಗ್ಗ ಹಿಡಿದೆ. ವೀರನಹೊಸಹಳ್ಳಿಯಲ್ಲಿ ಹಗ್ಗ ಹಾಸಿ ಹುಡುಗನನ್ನು ಕರೆದರೆ ಅವನು ಓಡಿಹೋಗಿ ಕೋಲು ತಂದ. ಅವನ ಅಪ್ಪ, "ಕಾಡಂಚಲ್ಲಿ ನೆಲದ್ಮೇಲೆ ಉದ್ದುಕ್ ಬಿದ್ದಿರೋದ್ನ ತುಳಿ ಅಂದ್ರೆ ಯಾವೋನ್ ತುಳಿತಾನೆ ಸಾ? ನಾನೂ ತುಳಿಯಾಕಿಲ್ಲ ಕಣ್ ಸಾ" ಎಂದ. ಹಗ್ಗವೂ ಚೀಲಕ್ಕೆ ವಾಪಸ್ಸಾಯಿತು. ಕೊನೆಗೆ ನಾನು ಉಳಿಸಿಕೊಂಡ ಪದ್ಧತಿ ಸರಳ. ಪರೀಕ್ಷೆಗೆ ಮುಂಚೆ ಮನೆಯವರನ್ನು ಕೇಳುತ್ತಿದ್ದೆ, ಈ ಮಗು ದಿನಾ ಯಾವ ಕಿರಿದಾದ ಜಾಗದಲ್ಲಿ ನಡೆಯುತ್ತದೆ ಎಂದು. ಗದ್ದೆ ಬದು, ಕಾಲುವೆಯ ಕಟ್ಟೆ, ಕೊಟ್ಟಿಗೆಯ ಅಂಚು, ಏನೋ ಒಂದು ಇದ್ದೇ ಇರುತ್ತಿತ್ತು. ಮೊದಲು ಅದನ್ನು ನೋಡಿ, ಆಮೇಲೆ ಟೇಪು. ಎರಡಕ್ಕೂ ವ್ಯತ್ಯಾಸ ಕಂಡರೆ ಬಲಗಡೆ ಬರೆಯುವ ಮುಂಚೆ ಪೆನ್ನು ಕೆಳಗಿಡುತ್ತಿದ್ದೆ.

ಭೂಮಿಕಾಳನ್ನು ಮತ್ತೆ ಪರೀಕ್ಷಿಸಿದ್ದು ಮನೆಗೆ ಹೋದ ಮರುದಿನವೇ. ಶಾಲೆ ಆಗಲೇ ಶುರುವಾಗಿತ್ತು, ದಾಖಲಾತಿಗೆ ಕೆಲವೇ ದಿನ ಉಳಿದಿತ್ತು. ಶಾಲೆಯ ದಾರಿಯಲ್ಲೇ ಪರೀಕ್ಷೆ ಆಗಲಿ ಎಂದೆ. ರತ್ನ ಮಗಳ ತಲೆ ಬಾಚಿ, ಮೊಳೆಯ ಚೀಲ ತೆಗೆದು ಹೆಗಲಿಗೆ ಹಾಕಿದರು. ಚೀಲದ ತೂಕವಿದ್ದರೆ ಸಮತೋಲನ ಬೇರೆಯಾಗುತ್ತದೆ, ಹಾಗಾಗಿ ಅದು ಒಳ್ಳೆಯದೇ ಆಯಿತು.

ನಾವು ನಾಲ್ವರು ಹೊರಟೆವು. ಬದುವಿನ ಮೇಲೆ ಭೂಮಿಕಾ ಮುಂದೆ, ಹಿಂದೆ ನಾನು. ಕಾಲುವೆಗೆ ಅಡ್ಡ ಹಾಕಿದ್ದ ಕಲ್ಲುಚಪ್ಪಡಿಯನ್ನು ನೀರು ನೋಡದೆ, ಪಾದ ನೋಡಿಕೊಂಡು ದಾಟಿದಳು. ಚಪ್ಪಡಿ ಅಲುಗುತ್ತಿತ್ತು. ಮೇಷ್ಟ್ರು ಅಲ್ಲಿ ಕೈ ಚಾಚಿದ್ದರು, ಅವಳು ಹಿಡಿಯಲಿಲ್ಲ. ಆಚೆ ದಡದಿಂದ ರಸ್ತೆಗೆ ಐದು ಮೆಟ್ಟಿಲು ಇಳಿಯಬೇಕು. ಅಲ್ಲಿ ನಿಂತಳು. ಕೂತುಕೊಂಡು, ಒಂದೊಂದೇ ಮೆಟ್ಟಿಲು ಜಾರಿಕೊಂಡು ಇಳಿದಳು. ಕೆಳಗೆ ಚೆಂಡು ಎಸೆದೆ. ಎದೆಗೆ ಬಡಿದು ಬಿತ್ತು, ಕೈ ಏಳಲೇ ಇಲ್ಲ. ಕೊಕ್ಕರೆ ಹಾಗೆ ನಿಲ್ಲು ಎಂದೆ. ಬಲಗಾಲಲ್ಲಿ ನಿಂತಳು, ಎಡಗಾಲಲ್ಲಿ ನಿಲ್ಲಲಾಗಲಿಲ್ಲ.

ಮಾಡಿದ ತಪ್ಪು ತೊಳೆಯುವ ಅವಸರ ನನಗಿತ್ತು. 'ಸಮತೋಲನ ಉತ್ತಮ' ಎಂದು ಬರೆದುಬಿಟ್ಟರೆ ಎಲ್ಲ ಸುಸೂತ್ರ ಎಂದು ಮೇಷ್ಟ್ರ ಹತ್ತಿರ ಪಿಸುಗುಟ್ಟಿದೆ. ಅದು ರತ್ನ ಅವರ ಕಿವಿಗೆ ಬಿತ್ತು.

"ಬ್ಯಾಡ ಸಾ. ಇರೋದ್ನೇ ಬರೀರಿ" ಎಂದರು. "ಮೆಟ್ಲು ಇಳಿಯಾಕ್ ಬರಾಕಿಲ್ಲ, ಅದ್ನೂ ಬರೀರಿ. ಅವತ್ತು ಕಮ್ಮಿ ಬರುದ್ರಿ, ಇವತ್ತು ಜಾಸ್ತಿ ಬರುದ್ರೆ ಏನ್ ಬಂತು? ನಾಳೆ ಬಿದ್ರೆ ಬೀಳೋಳು ನನ್ ಮಗ್ಳು, ನಿಮ್ ಹಾಳೆ ಅಲ್ಲ."

ಇಷ್ಟು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ ಅತ್ಯಂತ ನೇರವಾದ ಮಾತು ಅದು. ಡಾಕ್ಟರ್ ಮೇಡಂ ಕೂಡ ಇದಕ್ಕಿಂತ ಚಿಕ್ಕದಾಗಿ ಹೇಳಿರಲಿಲ್ಲ.

ಶಾಲೆಯ ಗೇಟಿನ ಹತ್ತಿರ ಬಂದಾಗ ಬೆಳಗಿನ ಗಂಟೆ ಹೊಡೆಯುತ್ತಿತ್ತು. ಮಕ್ಕಳು ನಮ್ಮನ್ನು ದಾಟಿ ಓಡಿದರು. ಭೂಮಿಕಾ ನಿಂತುಬಿಟ್ಟಳು. ಗೇಟಿನ ಒಂದು ಕಂಬದಿಂದ ಇನ್ನೊಂದು ಕಂಬದವರೆಗೆ, ಸಂದಿಯಿಲ್ಲದಂತೆ, ರಂಗೋಲಿ. ಏಳನೇ ತರಗತಿಯ ಹುಡುಗಿಯರು ಹಾಕಿದ್ದು. ಉಳಿದ ಮಕ್ಕಳು ಅದನ್ನು ನೋಡುತ್ತಲೂ ಇರಲಿಲ್ಲ, ತುಳಿದುಕೊಂಡೇ ಹೋಗುತ್ತಿದ್ದರು. ಭೂಮಿಕಾ ಎಡಕ್ಕೆ ಹೋಗಿ ಕಂಬ ಮುಟ್ಟಿದಳು, ಬಲಕ್ಕೆ ಹೋಗಿ ಕಂಬ ಮುಟ್ಟಿದಳು. ಒಳಗೆ ಹೋಗಲು ಅಂಚಿಲ್ಲ. ಓಡುತ್ತಿದ್ದ ಒಬ್ಬ ಹುಡುಗನ ಅಂಗಿ ಹಿಡಿದು ಎಳೆದಳು. ಅವನು ಕೊಸರಿಕೊಂಡು ಓಡಿದ. ಅವಳು ಅಲ್ಲೇ ಮಣ್ಣಿನಲ್ಲಿ ಕೂತು ಚೀರತೊಡಗಿದಳು. ರತ್ನ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಾಲುವೆ ದಾಟಿದ ಮಗು ಗೇಟಿನಲ್ಲಿ ಸೋಲುತ್ತಿತ್ತು.

ಹೆಡ್‌ಮೇಡಂ ಹೊರಗೆ ಬಂದರು. ನಡೆದದ್ದನ್ನು ಹೇಳಿದೆ, ನನ್ನ ಪುಡಿಯ ಗೆರೆಯ ವಿಷಯವನ್ನೂ ಸೇರಿಸಿ. ಅವರು ರಂಗೋಲಿಯನ್ನು ನೋಡಿದರು, ಮಗುವನ್ನು ನೋಡಿದರು. "ಹಾಕ್ಬೇಡಿ ಅಂದ್ರೆ ನಮ್ಮ ಹುಡ್ಗೀರು ಸಪ್ಪಗಾಗ್ತಾರೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಗೇಟಿನ ಹಿಂದಿದ್ದ ಪೊರಕೆ ತೆಗೆದುಕೊಂಡರು. ಬಲಗಡೆ ಕಂಬದ ಪಕ್ಕದಲ್ಲಿ ಒಂದಡಿಯಷ್ಟು ಗುಡಿಸಿ ದಾರಿ ಬಿಟ್ಟರು. "ಬಾ ಪುಟ್ಟಿ, ಈಗ ಬಾ."

ಅಳು ತಕ್ಷಣ ನಿಲ್ಲಲಿಲ್ಲ. ನಾವು ಐದು ನಿಮಿಷ ಕಾದೆವು. ಆಮೇಲೆ ಅವಳೇ ಎದ್ದಳು. ಚೀಲ ಸರಿಮಾಡಿಕೊಂಡಳು. ಒಂದು ಕಾಲಿನ ಮುಂದೆ ಒಂದು ಕಾಲು ಇಟ್ಟು ಒಳಗೆ ಹೋದಳು.

"ನೀವು ಬರೀರಿ, ನಾನು ಸೇರಿಸ್ಕೊತೀನಿ. ಆ ಮೆಟ್ಲಿಗೆ ಒಂದು ಕಂಬಿ ಬೇಕು ಅಂತಾನೂ ಬರೀರಿ, ಪಂಚಾಯ್ತಿಗೆ ತೋರ್ಸೋಕೆ ಆಗತ್ತೆ" ಎಂದರು ಹೆಡ್‌ಮೇಡಂ. ಗೇಟಿನ ಕಂಬಕ್ಕೆ ಹಾಳೆ ಒತ್ತಿಕೊಂಡು ಅಲ್ಲೇ ಬರೆದೆ. ಎಡಗಡೆ ತುಂಬಿ ಹಿಂದಿನ ಪುಟಕ್ಕೂ ಹೋಯಿತು. ಬಲಗಡೆ ಮೂರೇ ಸಾಲು: 'ಕಿರಿದಾದ ಜಾಗದಲ್ಲಿ ಬೀಳದೆ ನಡೆಯುತ್ತಾಳೆ. ಮೆಟ್ಟಿಲಿಗೆ ಕಂಬಿ ಬೇಕು. ಶಾಲೆಗೆ ಬರಬಹುದು.' ಹಳೆಯ ಹಾಳೆಯ ಮೇಲೆ ಪಿನ್ ಮಾಡಿದೆ.

ಇದಾಗಿ ಒಂಬತ್ತು ವರ್ಷವಾಯಿತು. ನಮ್ಮ ಹಾಳೆಗಳು ಹೋಗಿ ಈಗ ಟ್ಯಾಬ್ ಬಂದಿದೆ. ಅದರಲ್ಲಿ ಎಡಗಡೆ ಬಲಗಡೆ ಇಲ್ಲ, ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ. ನನ್ನ ಜಾಗಕ್ಕೆ ಬಂದವರಿಗೆ ಹೇಳುವುದಿಷ್ಟು: ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ನಡುವೆ ಗೆರೆ ಎಳೆಯಿರಿ. ಭೂಮಿಕಾ ಈಗ ಹೈಸ್ಕೂಲಿನಲ್ಲಿದ್ದಾಳೆ. ಮಾತು ಇನ್ನೂ ಕಡಿಮೆ. ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುತ್ತಾಳೆ. ಚೆಂಡು ಇವತ್ತಿಗೂ ಹಿಡಿಯುವುದಿಲ್ಲ, ಅದರಿಂದ ಅವಳಿಗೇನೂ ತೊಂದರೆಯಾದಂತೆ ಕಾಣಲಿಲ್ಲ ಎಂದು ಕಳೆದ ಸಲ ನೋಡಿದಾಗ ನನ್ನ ನೋಟ್‌ಬುಕ್ಕಿನ ಎಡಗಡೆ ಬರೆದಿದ್ದೇನೆ.

ನಿವೃತ್ತಿಯ ವಾರ ಕೊನೆಯ ಸುತ್ತು ಹೋದಾಗ ಅವಳ ಹಳೆಯ ಶಾಲೆಯ ಮುಂದೆ ಇಳಿದೆ. ಹೆಡ್‌ಮೇಡಂ ವರ್ಗವಾಗಿ ಬಹಳ ದಿನವಾಗಿತ್ತು, ಶಿಕ್ಷಕರೆಲ್ಲ ಹೊಸಬರು. ಗೇಟಿನಲ್ಲಿ ಇಬ್ಬರು ಹುಡುಗಿಯರು ಬಗ್ಗಿ ರಂಗೋಲಿ ಹಾಕುತ್ತಿದ್ದರು. ಎಡಗಂಬದಿಂದ ಶುರುಮಾಡಿ ಬಲಗಂಬಕ್ಕೆ ಒಂದಡಿ ಇರುವಾಗ ನಿಲ್ಲಿಸಿದರು.

"ಅಲ್ಲಿ ಯಾಕಮ್ಮ ಬಿಟ್ಟಿದ್ದೀರಿ?" ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಗೊತ್ತಿಲ್ಲ ಸಾ" ಎಂದಳು ಒಬ್ಬಳು. "ನಮ್ ಸ್ಕೂಲಲ್ಲಿ ಅಂಗೇ ಆಕೋದು. ಅಕ್ಕಂದ್ರೂ ಅಂಗೇ ಆಕ್ತಿದ್ರು."

ಇನ್ನೊಬ್ಬಳು ನನ್ನ ಬೂಟನ್ನು ನೋಡುತ್ತಾ, "ನೀವೂ ಆ ಕಡೆಯಿಂದ್ಲೇ ಬನ್ನಿ ಸಾ" ಎಂದಳು.

ಆ ಕಡೆಯಿಂದಲೇ ಹೋದೆ. ಒಂದು ಕಾಲಿನ ಮುಂದೆ ಒಂದು ಕಾಲು. ಅರವತ್ತಕ್ಕೆ ಅಷ್ಟು ಸುಲಭವಲ್ಲ, ಮಧ್ಯದಲ್ಲಿ ಒಮ್ಮೆ ಕಂಬ ಹಿಡಿದುಕೊಂಡೆ. ಪುಡಿಗೆ ಕಾಲು ತಾಗಲಿಲ್ಲ.